ಕಿವಿ ಕೇಳದ ಸಹೋದ್ಯೋಗಿಗೂ ಮಾತು ತಲುಪಬೇಕಾದರೆ: ಕಚೇರಿಗಳಿಗೆ ಸಮಗ್ರ ಮಾರ್ಗದರ್ಶಿ

ಕಿವಿ ಕೇಳದವರೊಬ್ಬರು ಕೆಲಸಕ್ಕೆ ಸೇರುತ್ತಾರೆ ಎಂದು ಗೊತ್ತಾದ ಕೂಡಲೇ ಕಚೇರಿಯಲ್ಲಿ ಏಳುವ ಮೊದಲ ಪ್ರಶ್ನೆ, 'ಯಾವ ಆ್ಯಪ್ ಹಾಕಿಸಬೇಕು?' ಪ್ರಶ್ನೆಯೇನೋ ಸರಿ. ಆದರೆ ಅದು ಮೂರನೆಯದೋ ನಾಲ್ಕನೆಯದೋ ಆಗಿದ್ದರೆ ಚೆನ್ನಾಗಿತ್ತು. ಆಡುವ ಮಾತನ್ನು ಆಗಿಂದಾಗಲೇ ಅಕ್ಷರವಾಗಿ ತೋರಿಸುವ ಕ್ಯಾಪ್ಷನ್ ಎಷ್ಟೇ ಒಳ್ಳೆಯದಿದ್ದರೂ ನಾಲ್ಕು ಜನ ಒಟ್ಟಿಗೆ ಬಾಯಿ ಹಾಕಿದರೆ ಪರದೆಯ ಮೇಲೆ ಬರುವುದು ಕಲಸುಮೇಲೋಗರ. ದುಬಾರಿ ಮೈಕ್ ತಂದು ಮೇಜಿನ ಆ ತುದಿಯಲ್ಲಿ ಇಟ್ಟರೆ ಅದು ಹಿಡಿಯುವುದು ಎಸಿಯ ಸದ್ದನ್ನು. ಸಲಕರಣೆ ಬೇಕು, ನಿಜ. ಅದು ಫಲ ಕೊಡಬೇಕಾದರೆ ಕಚೇರಿಯಲ್ಲಿ ಮಾತಾಡುವ ಕ್ರಮವೂ ಬದಲಾಗಬೇಕು. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಕ್ರಮದ ವಿಷಯ ಮೊದಲು, ಖರೀದಿಯ ವಿಷಯ ಆಮೇಲೆ.

ಇದನ್ನು ಮ್ಯಾನೇಜರ್, ಎಚ್‌ಆರ್, ಐಟಿ ವಿಭಾಗದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನೀವೇ ಕಿವಿ ಕೇಳದ ಉದ್ಯೋಗಿಯಾಗಿದ್ದರೆ, ಕಚೇರಿಯ ಮುಂದೆ ಇಡಬೇಕಾದ ಬೇಡಿಕೆಗಳ ಪಟ್ಟಿ ಎಂದುಕೊಂಡು ಓದಬಹುದು.

ಹೆಜ್ಜೆ 1: ಅವರನ್ನೇ ಕೇಳಿ

ಕಿವುಡು ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ 20 ಡೆಸಿಬೆಲ್‌ವರೆಗಿನ ಸದ್ದು ಕೇಳಿಸದಿದ್ದರೆ ಅದು ಅಲ್ಪ ಪ್ರಮಾಣದ ದೋಷದ ಆರಂಭ. 65 ದಾಟಿದರೆ ತೀವ್ರ. 80 ದಾಟಿದರೆ ಅತಿ ತೀವ್ರ. ಶ್ರವಣ ಪರೀಕ್ಷೆಯ ವರದಿಯಾದ ಆಡಿಯೋಗ್ರಾಂನಲ್ಲಿ ಈ ಅಂಕಿಗಳು ಸಿಗುತ್ತವೆ. ಸೋಮವಾರದ ಮೀಟಿಂಗಿನಲ್ಲಿ ಆ ವ್ಯಕ್ತಿಗೆ ಏನು ಅರ್ಥವಾಗುತ್ತದೆ ಎಂಬುದು ಮಾತ್ರ ಅದರಲ್ಲಿ ಸಿಗುವುದಿಲ್ಲ.

ಬಹಳ ಜನರಿಗೆ ಮೊದಲು ಕೈಕೊಡುವುದು ಹೆಚ್ಚಿನ ಆವರ್ತನದ ಧ್ವನಿಗಳು. ಸ, ಶ, ಫ ಮುಂತಾದ ವ್ಯಂಜನಗಳ ತಿರುಳು ಇರುವುದು ಅಲ್ಲಿಯೇ. ಸ್ವರಗಳು ಕೆಳಗಿನ ಆವರ್ತನದಲ್ಲಿ ಇರುವುದರಿಂದ ಕೇಳಿಸುತ್ತಲೇ ಇರುತ್ತವೆ. 'ನೀವು ಮಾತಾಡಿದ್ದು ಕೇಳಿಸ್ತು, ಏನು ಅಂದ್ರಿ ಅನ್ನೋದು ಗೊತ್ತಾಗಲಿಲ್ಲ' ಎಂದು ಅವರು ಹೇಳುವುದು ಇದೇ ಕಾರಣಕ್ಕೆ. ಇಂಥವರ ಎದುರು ಕಿರುಚಿದರೆ ಸ್ವರ ಇನ್ನಷ್ಟು ಜೋರಾಗುತ್ತದೆ, ವ್ಯಂಜನ ಇದ್ದಲ್ಲೇ ಇರುತ್ತದೆ, ಬಾಯಿಯ ಆಕಾರ ಕೆಟ್ಟು ತುಟಿ ಓದುವುದೂ ಕಷ್ಟವಾಗುತ್ತದೆ.

ಇನ್ನೊಂದು ತುದಿಯಲ್ಲಿ, ಹುಟ್ಟಿನಿಂದಲೇ ಕೇಳಿಸದೆ ಸಂಜ್ಞಾ ಭಾಷೆಯಲ್ಲೇ ಬೆಳೆದವರಿದ್ದಾರೆ. ಅವರ ಮೊದಲ ಭಾಷೆ ಅದು. ಕಾಗದದ ಮೇಲಿನ ಕನ್ನಡವೋ ಇಂಗ್ಲಿಷೋ ಅವರಿಗೆ ಎರಡನೆಯ ಭಾಷೆ. 'ಬರೆದು ಕೊಟ್ಟರೆ ಸಾಕಲ್ಲ' ಎಂಬ ಲೆಕ್ಕಾಚಾರ ಅವರ ವಿಷಯದಲ್ಲಿ ಯಾವಾಗಲೂ ನಡೆಯುವುದಿಲ್ಲ. ನಲವತ್ತು ದಾಟಿದ ಮೇಲೆ ಕಿವಿ ಹೋದವರಿಗಾದರೆ ಓದುಬರಹವೇ ಆಸರೆ. ಅವರಿಗೆ ಸಂಜ್ಞಾ ಭಾಷೆಯ ಒಂದು ಸನ್ನೆಯೂ ಗೊತ್ತಿರಲಿಕ್ಕಿಲ್ಲ, ಮಾತನ್ನು ಸಂಜ್ಞೆಗೆ, ಸಂಜ್ಞೆಯನ್ನು ಮಾತಿಗೆ ಅನುವಾದಿಸುವ ಇಂಟರ್‌ಪ್ರಿಟರ್ ಕರೆಸಿದರೆ ಏನೂ ಪ್ರಯೋಜನವಿಲ್ಲ.

ಆದ್ದರಿಂದ ಊಹೆ ಮಾಡಬೇಡಿ, ಕೇಳಿ. ಏಕಾಂತದಲ್ಲಿ, ಸಾಧ್ಯವಾದರೆ ಮೊದಲು ಇಮೇಲ್‌ನಲ್ಲಿ. 'ನಿಮ್ಮ ಸಮಸ್ಯೆ ಏನು?' ಎಂಬ ಪ್ರಶ್ನೆಯಿಂದ ಶುರು ಮಾಡಿದರೆ ಉತ್ತರ ವೈದ್ಯಕೀಯದ ಕಡೆ ಹೋಗುತ್ತದೆ. ಕೆಲಸದ ಸನ್ನಿವೇಶ ಹಿಡಿದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ:

- ಇಬ್ಬರೇ ಕೂತು ಮಾತಾಡುವಾಗ ಹೇಗೆ ಅನುಕೂಲ? ಹತ್ತು ಜನರ ಸಭೆಯಲ್ಲಿ ಹೇಗೆ?
- ವಿಡಿಯೊ ಕರೆ, ಫೋನ್ ಕರೆ, ಚಾಟ್: ಯಾವುದು ನಡೆಯುತ್ತದೆ, ಯಾವುದು ಬೇಡವೇ ಬೇಡ?
- ಹಿಂದಿನ ಕೆಲಸದಲ್ಲಿ ಯಾವ ವ್ಯವಸ್ಥೆ ಚೆನ್ನಾಗಿತ್ತು, ಯಾವುದು ಬರೀ ಹೆಸರಿಗಿತ್ತು?
- ತುರ್ತಾಗಿ ಕರೆಯಬೇಕಾದರೆ ಹೇಗೆ ಕರೆಯಲಿ? ಭುಜ ಮುಟ್ಟಬಹುದೇ, ಕೈ ಬೀಸಬೇಕೇ, ಮೇಜು ತಟ್ಟಬೇಕೇ?
- ಈ ವಿಷಯ ತಂಡದಲ್ಲಿ ಯಾರಿಗೆ ಎಷ್ಟು ತಿಳಿಸಬಹುದು?

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಶ್ರವಣ ಯಂತ್ರವನ್ನು ಕೂದಲಿನಲ್ಲಿ ಮುಚ್ಚಿಕೊಂಡು ವರ್ಷಗಟ್ಟಲೆ ಯಾರಿಗೂ ತಿಳಿಯದಂತೆ ಕೆಲಸ ಮಾಡುವವರಿದ್ದಾರೆ. ಹೇಳಬೇಕೋ ಬೇಡವೋ ಎಂಬುದು ಅವರ ತೀರ್ಮಾನ.

ಮಾತುಕತೆ ಮುಗಿದ ಮೇಲೆ ಒಪ್ಪಿಕೊಂಡದ್ದನ್ನು ಒಂದು ಪುಟದಲ್ಲಿ ಬರೆದಿಡಿ: ಏನು ಕೊಡುತ್ತೇವೆ, ಯಾರ ಜವಾಬ್ದಾರಿ, ಯಾವ ದಿನಾಂಕದೊಳಗೆ, ಖರ್ಚು ಯಾವ ಖಾತೆಯಿಂದ. ಖರ್ಚಿನ ಮಾತು ಇಲ್ಲಿಯೇ ಇತ್ಯರ್ಥವಾಗಲಿ. ಪ್ರತಿ ಸಭೆಗೂ ತಂಡದ ಬಜೆಟ್ಟಿನಿಂದ ಇಂಟರ್‌ಪ್ರಿಟರ್ ದುಡ್ಡು ಕಟ್ಟಬೇಕೆಂದರೆ ಆ ಉದ್ಯೋಗಿಯನ್ನು ಸಭೆಗೆ ಕರೆಯಲು ಮ್ಯಾನೇಜರ್ ಹಿಂದೆಮುಂದೆ ನೋಡುತ್ತಾರೆ. ಇಡೀ ಸಂಸ್ಥೆಗೆ ಒಂದೇ ನಿಧಿ ಇದ್ದರೆ ಆ ಇಕ್ಕಟ್ಟು ಇರುವುದಿಲ್ಲ.

ಇದೆಲ್ಲ ಉಪಕಾರ ಎಂದು ಯಾರಾದರೂ ಅಂದುಕೊಂಡಿದ್ದರೆ: 2006ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ಇಂಥ ಸಮಂಜಸ ಅನುಕೂಲಗಳನ್ನು ನಿರಾಕರಿಸುವುದನ್ನೇ ತಾರತಮ್ಯ ಎಂದು ಹೇಳುತ್ತದೆ. ಉದ್ಯೋಗದ ಹಕ್ಕು ಅದರ 27ನೇ ವಿಧಿಯಲ್ಲಿದೆ.

ಹೆಜ್ಜೆ 2: ಸಭೆ ನಡೆಸುವ ಕ್ರಮ ಬದಲಿಸಿ

ಒಂದು ರೂಪಾಯಿ ಖರ್ಚಿಲ್ಲದೆ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಕಚೇರಿಗಳು ಅತಿ ಹೆಚ್ಚು ತಪ್ಪಿಸಿಕೊಳ್ಳುವುದೂ ಇದನ್ನೇ.

ತುಟಿ ಓದುವುದರ ಮಿತಿಯನ್ನು ಮೊದಲು ತಿಳಿದುಕೊಳ್ಳಿ. ಕನ್ನಡಿಯ ಮುಂದೆ ನಿಂತು ಸದ್ದು ಮಾಡದೆ 'ಪರ, ಬರ, ಮರ' ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಕ, ಗ ಹುಟ್ಟುವುದು ಬಾಯಿಯ ಹಿಂಭಾಗದಲ್ಲಿ, ಹ ಗಂಟಲಿನಲ್ಲಿ. ಹೊರಗಿನಿಂದ ಕಾಣುವುದೇ ಇಲ್ಲ. ಇನ್ನು 'ಎಪ್ಪತ್ತು' ಮತ್ತು 'ಎಂಬತ್ತು' ಹೇಳಿ ನೋಡಿ. ಗೋದಾಮಿನ ಲೆಕ್ಕ ಮಾತಾಡುವ ಸಭೆಯಲ್ಲಿ 'ಎಂಬತ್ತು ಬಾಕ್ಸ್ ಕಳಿಸಿ' ಎಂದರೆ ತುಟಿ ನೋಡುವವರಿಗೆ ಅದು 70 ಆಗಬಹುದು, 80 ಆಗಬಹುದು. ಅವರು ಸಂದರ್ಭದಿಂದ ಊಹಿಸುತ್ತಾರೆ. ಒಂದು ಗಂಟೆಯ ಸಭೆಯಲ್ಲಿ ಇಂಥ ಊಹೆಗಳು ನೂರಾರು ನಡೆಯುತ್ತವೆ. ಸಂಜೆಯ ಹೊತ್ತಿಗೆ ತಲೆ ಭಾರವಾಗುವುದು ಅದಕ್ಕೇ. ಹಾಗಾಗಿ ಸಂಖ್ಯೆ, ದಿನಾಂಕ, ಹೆಸರು ಏನೇ ಬಂದರೂ ಬೋರ್ಡಿನ ಮೇಲೋ ಚಾಟ್‌ನಲ್ಲೋ ಬರೆಯಿರಿ.

ಸಭೆಗೆ ಮುಂಚೆ ವಿಷಯಪಟ್ಟಿ ಮತ್ತು ಸ್ಲೈಡುಗಳನ್ನು ಕಳಿಸಿ. ಯಾವ ವಿಷಯದ ಮಾತು ನಡೆಯುತ್ತಿದೆ ಎಂದು ಗೊತ್ತಿದ್ದರೆ ಊಹೆಯ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಕುರ್ಚಿಗಳನ್ನು ವೃತ್ತಾಕಾರವಾಗಿ ಅಥವಾ ಯು ಆಕಾರದಲ್ಲಿ ಹಾಕಿ. ಕಿವಿ ಕೇಳದವರಿಗೆ ಎಲ್ಲರ ಮುಖ ಕಾಣಬೇಕು. ಎಲ್ಲಿ ಕೂರಬೇಕೆಂದು ಅವರೇ ಆರಿಸಿಕೊಳ್ಳಲಿ, ಏಕೆಂದರೆ ಒಂದು ಕಿವಿ ಮಾತ್ರ ಕೇಳುವವರಿಗೆ ಯಾವ ಬದಿ ಎಂಬುದೇ ಮುಖ್ಯ. ಮಾತಾಡುವವರ ಬೆನ್ನಿಗೆ ಕಿಟಕಿ ಇರಬಾರದು. ಹಿಂದಿನಿಂದ ಬೆಳಕು ಬಿದ್ದರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ.

ಸಭೆಯಲ್ಲಿ ಒಬ್ಬರ ನಂತರ ಒಬ್ಬರು. ಮಾತಾಡುವ ಮೊದಲು ಕೈ ಎತ್ತಿ ಹೆಸರು ಹೇಳಿ, ಒಂದು ಕ್ಷಣ ತಡೆಯಿರಿ. ಆ ಒಂದು ಕ್ಷಣದಲ್ಲಿ ಅವರ ಕಣ್ಣು ನಿಮ್ಮನ್ನು ಹುಡುಕಿಕೊಳ್ಳುತ್ತದೆ. ಸ್ಲೈಡ್ ತೋರಿಸಿದರೆ ಓದಲು ಸಮಯ ಕೊಟ್ಟು ಆಮೇಲೆ ಮಾತು ಶುರು ಮಾಡಿ, ಎರಡನ್ನೂ ಒಟ್ಟಿಗೆ ನೋಡಲು ಯಾರಿಗೂ ಎರಡು ಜೊತೆ ಕಣ್ಣಿಲ್ಲ. ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಮಾತಾಡುವ ಅಭ್ಯಾಸವನ್ನು ಬಿಡಿ. ಪೆನ್ನು ಕಚ್ಚುವುದು, ಬಾಯಿಗೆ ಕೈ ಅಡ್ಡ ಹಿಡಿಯುವುದು, ಚಹಾ ಕಪ್ಪಿನ ಹಿಂದಿನಿಂದ ಮಾತಾಡುವುದು ಇವೆಲ್ಲ ಅದೇ ಜಾತಿಯವು.

ಅರ್ಥವಾಗಲಿಲ್ಲ ಎಂದಾಗ ಅದೇ ವಾಕ್ಯವನ್ನು ಒಂದು ಸಲ ಹೇಳಿ. ಆಗಲೂ ಆಗದಿದ್ದರೆ ಮಾತು ಬದಲಿಸಿ. 'ಬಾಕಿ ಬಿಲ್ಲು' ಹೋಗದಿದ್ದರೆ 'ಇನ್ನೂ ದುಡ್ಡು ಬರದೇ ಇರೋ ಬಿಲ್ಲು' ಹೋಗಬಹುದು.

ಈಗ ಪ್ರತಿ ಕಚೇರಿಯಲ್ಲೂ ನಡೆಯುವ ಒಂದು ಪ್ರಸಂಗ. ಸಭೆಯ ನಡುವೆ ಯಾರೋ ಏನೋ ಅನ್ನುತ್ತಾರೆ, ಮೇಜಿನ ಸುತ್ತ ನಗು. ಕಿವಿ ಕೇಳದ ಸಹೋದ್ಯೋಗಿ ಅರೆಕ್ಷಣ ತಡವಾಗಿ ತಾನೂ ನಗುತ್ತಾಳೆ, ಪಕ್ಕದವರ ಕಡೆ ತಿರುಗಿ ಹುಬ್ಬೇರಿಸಿ 'ಏನಂತೆ ಸರ್?' ಎನ್ನುತ್ತಾಳೆ. 'ಅದೇನಿಲ್ಲ ಬಿಡಿ ಮೇಡಂ, ಆಮೇಲೆ ಹೇಳ್ತೀನಿ.' ಆ ಆಮೇಲೆ ಬರುವುದೇ ಇಲ್ಲ. ಹೇಳುವವರಿಗೆ ಅದು ನಿಜಕ್ಕೂ ಏನೂ ಅಲ್ಲ. ಕೇಳುವವರಿಗೆ ಅದು ದಿನಕ್ಕೆ ಹತ್ತು ಸಲ ಬಾಗಿಲು ಮುಚ್ಚಿದ ಹಾಗೆ. ಜೋಕು ಎಷ್ಟೇ ಸಪ್ಪೆಯಾದರೂ ಒಂದು ಸಾಲು ಬರೆದು ತೋರಿಸಿ. ಸಪ್ಪೆ ಎಂದು ತೀರ್ಮಾನಿಸುವ ಹಕ್ಕು ಅವರಿಗೂ ಇರಲಿ.

ಟಿಪ್ಪಣಿ ಬರೆಯುವ ಕೆಲಸವನ್ನು ಬೇರೆಯವರಿಗೆ ವಹಿಸಿ. ತುಟಿಯನ್ನೋ ಇಂಟರ್‌ಪ್ರಿಟರ್ ಅನ್ನೋ ಕ್ಯಾಪ್ಷನ್ ಅನ್ನೋ ನೋಡುತ್ತಿರುವವರು ಪುಸ್ತಕದ ಕಡೆ ಕಣ್ಣು ಹಾಯಿಸಿದರೆ ಅಷ್ಟೂ ಮಾತು ತಪ್ಪಿಹೋಗುತ್ತದೆ. ಉದ್ದದ ಸಭೆಯಾದರೆ ಗಂಟೆಗೊಮ್ಮೆಯಾದರೂ ವಿರಾಮ ಕೊಡಿ. ಕೊನೆಯಲ್ಲಿ ತೀರ್ಮಾನಗಳನ್ನು ಬರೆದು ಎಲ್ಲರಿಗೂ ಕಳಿಸಿ. ಎಲ್ಲರಿಗೂ ಕಳಿಸಿ ಎಂಬುದಕ್ಕೆ ಒತ್ತು ಕೊಡುತ್ತೇನೆ. ಅವರೊಬ್ಬರಿಗೇ ಕಳಿಸುವ ಟಿಪ್ಪಣಿ ಎರಡು ವಾರದಲ್ಲಿ ನಿಂತುಹೋಗುತ್ತದೆ.

ಹೆಜ್ಜೆ 3: ಕ್ಯಾಪ್ಷನ್ ಹಾಕಿ, ಆದರೆ ಪರೀಕ್ಷಿಸಿ

ಕ್ಯಾಪ್ಷನ್ ಎರಡು ಬಗೆ. ಯಂತ್ರ ತಾನಾಗಿ ಬರೆಯುವುದು ಒಂದು, ತರಬೇತಾದ ಮನುಷ್ಯ ಕೂತು ಬರೆಯುವುದು ಇನ್ನೊಂದು.

ಯಂತ್ರದ್ದು ಈಗ ಎಲ್ಲ ಕಡೆ ಇದೆ. ಜೂಮ್, ಮೈಕ್ರೋಸಾಫ್ಟ್ ಟೀಮ್ಸ್, ಗೂಗಲ್ ಮೀಟ್ ಮೂರರಲ್ಲೂ ಕ್ಯಾಪ್ಷನ್ ಗುಂಡಿ ಇದೆ. ಜೂಮಿನಲ್ಲಿ ಆ ಗುಂಡಿ ಕಾಣದಿದ್ದರೆ ಖಾತೆಯ ಸೆಟ್ಟಿಂಗಿನಲ್ಲೇ ಅಡ್ಮಿನ್ ಅದನ್ನು ಮುಚ್ಚಿರಬಹುದು. ಐಟಿಯವರಿಗೆ ಹೇಳಿ ಇಡೀ ಸಂಸ್ಥೆಗೆ ತೆರೆಸಿ, ಪ್ರತಿ ಸಭೆಯಲ್ಲೂ ಒಬ್ಬರು 'ಸ್ವಲ್ಪ ಕ್ಯಾಪ್ಷನ್ ಹಾಕ್ತೀರಾ ಸರ್' ಎಂದು ಕೇಳುತ್ತಾ ಕೂರಬಾರದು. ವಿಂಡೋಸ್ 11ರಲ್ಲಿ ವಿಂಡೋಸ್, ಕಂಟ್ರೋಲ್, ಎಲ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಂಪ್ಯೂಟರಿನಲ್ಲಿ ನಡೆಯುವ ಯಾವುದೇ ಮಾತಿಗೆ ಲೈವ್ ಕ್ಯಾಪ್ಷನ್ ಬರುತ್ತದೆ. ಎದುರಾಎದುರು ಮಾತಿಗೆ ಆಂಡ್ರಾಯ್ಡ್ ಫೋನಿನ ಲೈವ್ ಟ್ರಾನ್ಸ್‌ಕ್ರೈಬ್ ಇದೆ. ಗೂಗಲ್ ಇದನ್ನು ಕಿವುಡರ ಉನ್ನತ ಶಿಕ್ಷಣಕ್ಕೆ ಹೆಸರಾದ ಗ್ಯಾಲೊಡೆಟ್ ವಿಶ್ವವಿದ್ಯಾಲಯದ ಜೊತೆಗೂಡಿ 2019ರಲ್ಲಿ ಹೊರತಂದಿತು. 70ಕ್ಕೂ ಹೆಚ್ಚು ಭಾಷೆಗಳಿಗೆ ಕೆಲಸ ಮಾಡುತ್ತದೆ. ಐಫೋನಿನಲ್ಲಿ ಲೈವ್ ಕ್ಯಾಪ್ಷನ್ ಬಂದದ್ದು 2022ರ ಐಒಎಸ್ 16ರಲ್ಲಿ. ನಿಮಗೆ ಬೇಕಾದ ಭಾಷೆ ಪಟ್ಟಿಯಲ್ಲಿದೆಯೇ ಎಂದು ಪ್ರತಿಯೊಂದರಲ್ಲೂ ನೋಡಿಕೊಳ್ಳಿ. ಒಂದರಲ್ಲಿ ಇರುವ ಭಾಷೆ ಇನ್ನೊಂದರಲ್ಲಿ ಇರುವುದಿಲ್ಲ.

ಇನ್ನು ಪರೀಕ್ಷೆ. ಪ್ರಚಾರದ ವಿಡಿಯೊ ನೋಡಿ ಆಯ್ಕೆ ಮಾಡಬೇಡಿ. ನಿಮ್ಮದೇ ತಂಡದ ಒಂದು ಮಾಮೂಲಿ ಸಭೆಯನ್ನು, ಎಲ್ಲರ ಒಪ್ಪಿಗೆ ಪಡೆದು, ಐದು ನಿಮಿಷ ಕ್ಯಾಪ್ಷನ್ ಹಾಕಿ ನಡೆಸಿ. ಹಾಸ್ಯ ಮಾಡುವವರು, ಗೊಣಗುವವರು, ವೇಗವಾಗಿ ಮಾತಾಡುವವರು ಎಲ್ಲರೂ ಇರಲಿ. ಆಮೇಲೆ ಪಠ್ಯ ತೆಗೆದು ನೋಡಿ. ಶೇಕಡಾ ಎಷ್ಟು ಸರಿ ಎಂಬ ಒಟ್ಟು ಲೆಕ್ಕ ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಮೂರು ಕಡೆ ಮಾತ್ರ ಕಣ್ಣಿಡಿ: ಹೆಸರುಗಳು, ಸಂಖ್ಯೆಗಳು, ಇಲ್ಲ ಎಂಬ ಅರ್ಥದ ಮಾತುಗಳು. 'ಶುಕ್ರವಾರ ಕೊಡೋಕಾಗಲ್ಲ' ಎಂಬುದರ ಬಾಲ ಕತ್ತರಿಸಿ 'ಶುಕ್ರವಾರ ಕೊಡೋಕೆ' ಎಂದು ಬಂದರೆ ನೂರರಲ್ಲಿ ತೊಂಬತ್ತೊಂಬತ್ತು ಪದ ಸರಿಯಿದ್ದೂ ಸಭೆಯ ತೀರ್ಮಾನ ತಲೆಕೆಳಗಾಯಿತು.

ಎರಡು ಭಾಷೆ ಬೆರೆಸಿ ಮಾತಾಡುವ ಕಚೇರಿಗಳಲ್ಲಿ ಯಂತ್ರ ಹೆಚ್ಚು ಎಡವುತ್ತದೆ. ಕ್ಯಾಪ್ಷನ್ ಒಂದು ಭಾಷೆಗೆ ಹೊಂದಿಸಿದ್ದಾಗ ಇನ್ನೊಂದು ಭಾಷೆಯ ವಾಕ್ಯವನ್ನು ಅದು ಬಿಟ್ಟುಬಿಡುವುದಿಲ್ಲ, ತನ್ನ ಭಾಷೆಯಲ್ಲಿ ಹತ್ತಿರದ ಸದ್ದಿನ ಪದಗಳನ್ನು ಹುಡುಕಿ ತುಂಬುತ್ತದೆ. ಓದುವವರಿಗೆ ಅದು ತಪ್ಪು ಎಂದು ಗೊತ್ತಾಗುವುದು ಕಷ್ಟ. ಕ್ಯಾಪ್ಷನ್ ಇರುವ ಸಭೆ ಯಾವ ಭಾಷೆಯಲ್ಲಿ ಎಂದು ಮೊದಲೇ ಗೊತ್ತುಮಾಡಿ, ಅದಕ್ಕೆ ಅಂಟಿಕೊಳ್ಳಿ.

ಮನುಷ್ಯರ ಕ್ಯಾಪ್ಷನ್ ಬೇಕಾಗುವುದು ತಪ್ಪಿಗೆ ಬೆಲೆ ತೆರಬೇಕಾದ ಕಡೆ: ಶಿಸ್ತು ವಿಚಾರಣೆ, ವಾರ್ಷಿಕ ಮೌಲ್ಯಮಾಪನ, ಸುರಕ್ಷತಾ ತರಬೇತಿ, ಕಾನೂನಿನ ಮಾತುಕತೆ. ಈ ಕೆಲಸದವರು ಶೀಘ್ರಲಿಪಿಯ ಸ್ಟೆನೋ ಯಂತ್ರದಲ್ಲಿ ನಿಮಿಷಕ್ಕೆ 200ಕ್ಕೂ ಹೆಚ್ಚು ಇಂಗ್ಲಿಷ್ ಪದ ಬರೆಯುತ್ತಾರೆ, ದೂರದಿಂದಲೂ ಮಾಡುತ್ತಾರೆ. ಅವರಿಗೆ ಸ್ಪಷ್ಟ ಧ್ವನಿ ಮತ್ತು ಮುಂಚಿತವಾಗಿ ಪದಪಟ್ಟಿ ಬೇಕು. ಭಾಗವಹಿಸುವವರ ಹೆಸರು, ಯೋಜನೆಗಳ ಹೆಸರು, ನಿಮ್ಮಲ್ಲಿ ಮಾತ್ರ ಬಳಸುವ ಸಂಕ್ಷಿಪ್ತ ರೂಪಗಳು.

ಕ್ಯಾಪ್ಷನ್ ಪಠ್ಯ ಎಲ್ಲಿ ಉಳಿಯುತ್ತದೆ, ಯಾರಿಗೆ ಕಾಣುತ್ತದೆ, ಎಷ್ಟು ದಿನ ಇರುತ್ತದೆ ಎಂಬುದನ್ನೂ ಈಗಲೇ ತೀರ್ಮಾನಿಸಿ. ಇಲ್ಲದಿದ್ದರೆ ಯಾವುದೋ ಗೋಪ್ಯ ಸಭೆಯ ದಿನ ಯಾರೋ 'ಇವತ್ತು ಕ್ಯಾಪ್ಷನ್ ಬೇಡ' ಎನ್ನುತ್ತಾರೆ. ಅಂದರೆ ಒಬ್ಬರು ಸಭೆಯಿಂದ ಹೊರಗೆ ಎಂದೇ ಅರ್ಥ.

ಹೆಜ್ಜೆ 4: ಮೈಕನ್ನು ಬಾಯಿಯ ಹತ್ತಿರ ತನ್ನಿ

ಶ್ರವಣ ಯಂತ್ರ ಕನ್ನಡಕದಂತೆ ಎಂದು ಬಹಳ ಜನ ತಿಳಿದಿದ್ದಾರೆ, ಹಾಕಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು. ಅದು ಹತ್ತಿರದ ಮಾತಿಗೆ ಚೆನ್ನ. ಒಂದೆರಡು ಮೀಟರ್ ದಾಟಿದರೆ ಮಾತಿನ ಜೊತೆಗೆ ಫ್ಯಾನು, ಕೀಬೋರ್ಡು, ಕುರ್ಚಿ ಎಳೆಯುವ ಸದ್ದು ಎಲ್ಲವೂ ಒಟ್ಟಿಗೆ ಹಿಗ್ಗಿ ಬರುತ್ತದೆ.

ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಬಾಯಿಯಿಂದ 20 ಸೆಂಟಿಮೀಟರ್ ದೂರದ ಮೈಕಿಗೂ 3.2 ಮೀಟರ್ ದೂರದ ಕಿವಿಗೂ ನಡುವೆ ನಾಲ್ಕು ಸಲ ಎರಡು ಪಟ್ಟು, ಅಂದರೆ 24 ಡೆಸಿಬೆಲ್ ವ್ಯತ್ಯಾಸ. ಗದ್ದಲ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಅಷ್ಟೇ. ಆ 24 ಡೆಸಿಬೆಲ್ ಅನ್ನು ಮರಳಿ ಗಳಿಸಿಕೊಡುವುದೇ ಮುಂದೆ ಹೇಳುವ ಎಲ್ಲ ಸಲಕರಣೆಗಳ ಕೆಲಸ.

ಮೊದಲನೆಯದು ರಿಮೋಟ್ ಮೈಕ್. ಮಾತಾಡುವವರು ಕೊರಳಿಗೆ ಹಾಕಿಕೊಳ್ಳುತ್ತಾರೆ, ಧ್ವನಿ ನೇರ ಕೇಳುಗರ ಶ್ರವಣ ಯಂತ್ರಕ್ಕೋ, ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಕೂರಿಸಿದ ಕಾಕ್ಲಿಯರ್ ಇಂಪ್ಲಾಂಟಿಗೋ ಹೋಗುತ್ತದೆ. ಕೊಳ್ಳುವ ಮೊದಲು ಅವರ ಯಂತ್ರಕ್ಕೆ ಹೊಂದುತ್ತದೆಯೇ ಎಂದು ಅವರ ಶ್ರವಣ ತಜ್ಞರ (ಆಡಿಯಾಲಜಿಸ್ಟ್) ಮೂಲಕ ಖಚಿತಪಡಿಸಿಕೊಳ್ಳಿ. ಬಳಸುವವರಿಗೆ ಒಂದು ಎಚ್ಚರಿಕೆ: ವಿರಾಮಕ್ಕೆ ಎದ್ದಾಗ ಮೈಕ್ ತೆಗೆದಿಟ್ಟು ಹೋಗಿ. ಶೌಚಾಲಯದವರೆಗೂ ಅದನ್ನು ಹಾಕಿಕೊಂಡು ಹೋದ ತರಬೇತುದಾರರ ಕಥೆ ಶ್ರವಣ ಯಂತ್ರ ಬಳಸುವ ಎಲ್ಲರ ಹತ್ತಿರವೂ ಒಂದಿದೆ.

ದೊಡ್ಡ ಸಭಾಂಗಣಕ್ಕೆ ಇಂಡಕ್ಷನ್ ಲೂಪ್ ಇದೆ. ಕೋಣೆಯ ಸುತ್ತ ಹಾಕಿದ ತಂತಿ ಕಾಂತಕ್ಷೇತ್ರದ ಮೂಲಕ ಧ್ವನಿಯನ್ನು ಶ್ರವಣ ಯಂತ್ರದೊಳಗಿನ ಟೆಲಿಕಾಯಿಲ್ ಎಂಬ ಪುಟ್ಟ ತಂತಿಸುರುಳಿಗೆ ಮುಟ್ಟಿಸುತ್ತದೆ. ಕಿವಿಯ ಚಿತ್ರದ ಮೇಲೆ ಓರೆ ಪಟ್ಟಿ, ಪಕ್ಕದಲ್ಲಿ ಇಂಗ್ಲಿಷಿನ ಟಿ ಅಕ್ಷರ ಇರುವ ಫಲಕ ಅದರ ಗುರುತು. ಲೂಪಿನ ಸಂಕೇತ ಗೋಡೆ ದಾಟಿ ಪಕ್ಕದ ಕೋಣೆಗೂ ಸೋರಬಲ್ಲದು, ಗೋಪ್ಯ ಸಭೆಗಳ ಕೋಣೆಯಲ್ಲಿ ಹಾಕಿಸುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಎಲ್ಲ ಯಂತ್ರಗಳಲ್ಲೂ ಟೆಲಿಕಾಯಿಲ್ ಇರುವುದಿಲ್ಲ. 2022ರಲ್ಲಿ ಹೆಸರು ಪಡೆದ ಬ್ಲೂಟೂತಿನ ಆರಾಕಾಸ್ಟ್ ಇದೇ ಕೆಲಸವನ್ನು ತಂತಿಯಿಲ್ಲದೆ ಮಾಡುತ್ತದೆ. ಹೊಸ ಕೋಣೆ ಕಟ್ಟಿಸುವವರು ಎರಡನ್ನೂ ವಿಚಾರಿಸಿ.

ಕೋಣೆಯನ್ನೂ ನೋಡಿ. ಗಾಜಿನ ಗೋಡೆ, ಬರಿಯ ನೆಲ ಇದ್ದರೆ ಮಾತು ಪ್ರತಿಧ್ವನಿಸಿ ಒಂದು ಪದದ ಬಾಲ ಇನ್ನೊಂದರ ತಲೆಗೆ ತಾಗುತ್ತದೆ. ದಪ್ಪ ಪರದೆ, ನೆಲಹಾಸು, ಸದ್ದು ಹೀರುವ ಫಲಕ ಹಾಕಿಸಿ. ಕೇಳಿಸುವವರೂ ನಿಮಗೆ ಧನ್ಯವಾದ ಹೇಳುತ್ತಾರೆ.

ಹೆಜ್ಜೆ 5: ಇಂಟರ್‌ಪ್ರಿಟರ್ ಜೊತೆ ಕೆಲಸ

ಜಗತ್ತಿನಲ್ಲಿ 300ಕ್ಕೂ ಹೆಚ್ಚು ಸಂಜ್ಞಾ ಭಾಷೆಗಳಿವೆ. ಆಡುಭಾಷೆ ಒಂದೇ ಆದರೂ ಅಮೆರಿಕದ ಸಂಜ್ಞಾ ಭಾಷೆ ಬ್ರಿಟನ್ನಿನವರಿಗೆ ಅರ್ಥವಾಗುವುದಿಲ್ಲ. ಆದ್ದರಿಂದ ಉದ್ಯೋಗಿಯ ಸಂಜ್ಞಾ ಭಾಷೆ ಯಾವುದು ಎಂದು ಕೇಳಿಕೊಂಡೇ ಕರೆಸಿ.

ಗಂಟೆ ಮೀರುವ ಸಭೆಗೆ ಇಬ್ಬರು ಬೇಕು. ಒಬ್ಬರೇ 20ರಿಂದ 30 ನಿಮಿಷಕ್ಕಿಂತ ಹೆಚ್ಚು ಹೊತ್ತು ಮಾಡಿದರೆ ದಣಿದು ತಪ್ಪುಗಳು ಶುರುವಾಗುತ್ತವೆ, ಅದಕ್ಕೆ ಅವರು ಸರದಿಯಲ್ಲಿ ಮಾಡುತ್ತಾರೆ. 'ಒಬ್ಬರು ಸುಮ್ಮನೆ ಕೂತಿದ್ದಾರಲ್ಲ' ಎಂದು ಬಿಲ್ಲು ನೋಡುವವರಿಗೆ ಅನ್ನಿಸಬಹುದು. ಕೂತವರು ಸಂಗಾತಿಗೆ ಬಿಟ್ಟುಹೋದ ಪದ ಎತ್ತಿಕೊಡುತ್ತಿರುತ್ತಾರೆ. ಸ್ಲೈಡು, ಹೆಸರುಪಟ್ಟಿಗಳನ್ನು ಅವರಿಗೂ ಮುಂಚೆಯೇ ಕಳಿಸಿ. ಮಾತಾಡುವವರ ಪಕ್ಕದಲ್ಲಿ, ಬೆಳಕು ಬೀಳುವಲ್ಲಿ ಅವರ ಜಾಗ. ಸ್ಲೈಡಿಗೆಂದು ಎಲ್ಲ ದೀಪ ಆರಿಸಿದರೆ ಅವರ ಕೈ ಕಾಣುವುದಿಲ್ಲ.

ನೀವು ಮಾತಾಡಬೇಕಾದ್ದು ಸಹೋದ್ಯೋಗಿಯ ಮುಖ ನೋಡಿ. 'ಅವರಿಗೆ ಹೇಳಿ, ವರದಿ ನಾಳೆ ಬೇಕು ಅಂತ' ಎಂದು ಇಂಟರ್‌ಪ್ರಿಟರ್ ಕಡೆ ತಿರುಗಿ ಹೇಳಬೇಡಿ. 'ವರದಿ ನಾಳೆ ಬೇಕಿತ್ತು' ಎಂದು ನೇರ ಹೇಳಿ. ಅನುವಾದ ಒಂದೆರಡು ವಾಕ್ಯ ಹಿಂದೆ ಇರುತ್ತದೆ, ಹಾಗಾಗಿ 'ಪ್ರಶ್ನೆ ಇದೆಯಾ?' ಎಂದು ಕೇಳಿದ ಮರುಕ್ಷಣ ಮುಂದಿನ ವಿಷಯಕ್ಕೆ ಹಾರಬೇಡಿ.

ಆನ್‌ಲೈನ್ ಸಭೆಯಲ್ಲಿ ಒಂದು ತೊಡಕು ಇದೆ. ಯಾರ ಧ್ವನಿ ಬರುತ್ತದೋ ಅವರ ಚಿತ್ರವನ್ನು ತಂತ್ರಾಂಶ ದೊಡ್ಡದು ಮಾಡುತ್ತದೆ. ಸಂಜ್ಞೆಗೆ ಸದ್ದಿಲ್ಲ, ಹಾಗಾಗಿ ಸಂಜ್ಞೆ ಮಾಡುವವರು ಮೂಲೆಯಲ್ಲೇ ಉಳಿಯುತ್ತಾರೆ. ಇಂಟರ್‌ಪ್ರಿಟರ್ ಮತ್ತು ಉದ್ಯೋಗಿ ಇಬ್ಬರನ್ನೂ ಪಿನ್ ಅಥವಾ ಸ್ಪಾಟ್‌ಲೈಟ್ ಮಾಡಿ, ಅಂದರೆ ಅವರ ಚಿತ್ರ ಸದಾ ದೊಡ್ಡದಾಗಿ ಕಾಣುವಂತೆ ನಿಲ್ಲಿಸಿ. ಜೂಮ್ ಮತ್ತು ಟೀಮ್ಸ್ ಎರಡರಲ್ಲೂ ಸಂಜ್ಞಾ ಭಾಷೆಗೆಂದೇ ಬೇರೆ ನೋಟದ ವ್ಯವಸ್ಥೆ ಇದೆ. ಸಭೆ ಶುರುವಾಗುವ ಮೊದಲೇ ಹೊಂದಿಸಿಕೊಳ್ಳಿ.

ಅಷ್ಟಿಷ್ಟು ಸಂಜ್ಞೆ ಬಲ್ಲ ಸಹೋದ್ಯೋಗಿ ಇದ್ದರೆ ಕ್ಯಾಂಟೀನಿನ ಹರಟೆಗೆ ಬಹಳ ಒಳ್ಳೆಯದು. ಸಂಬಳದ ಮಾತುಕತೆಗೆ ಅವರನ್ನು ಕೂರಿಸಬೇಡಿ. ಗೋಪ್ಯತೆಯೂ ಹೋಗುತ್ತದೆ, ಅರ್ಥವೂ ಹೋಗುತ್ತದೆ.

ಹೆಜ್ಜೆ 6: ಫೋನಿಗೆ ಬದಲಿ

ಕಿವುಡರಿಗೆ ಫೋನಿನ ದಾರಿ ತೆರೆದವರು ಸ್ವತಃ ಕಿವುಡರಾಗಿದ್ದ ಭೌತವಿಜ್ಞಾನಿ ರಾಬರ್ಟ್ ವೈಟ್‌ಬ್ರೆಕ್ಟ್. ತಂತಿಯ ಮೂಲಕ ಅಕ್ಷರ ಟೈಪ್ ಮಾಡಿ ಕಳಿಸುವ ಟೆಲಿಟೈಪ್ ಯಂತ್ರವನ್ನು ಮಾಮೂಲಿ ಫೋನಿಗೆ ಜೋಡಿಸಿ ಅಕ್ಷರ ಕಳಿಸುವ ಸಾಧನವನ್ನು ಅವರು 1964ರಲ್ಲಿ ರೂಪಿಸಿದರು. ಇಂದು ವಿಡಿಯೊ ಕರೆ, ಕ್ಯಾಪ್ಷನ್ ಬರುವ ಕರೆ, ಒತ್ತಿದ ಅಕ್ಷರ ಆ ಕ್ಷಣವೇ ಎದುರಿನವರಿಗೆ ಕಾಣುವ ರಿಯಲ್ ಟೈಮ್ ಟೆಕ್ಸ್ಟ್, ಕೆಲವು ದೇಶಗಳಲ್ಲಿ ಮಧ್ಯವರ್ತಿಯ ಮೂಲಕ ಮಾತು ತಲುಪಿಸುವ ರಿಲೇ ಸೇವೆ ಇವೆಲ್ಲ ಇವೆ.

ಸಲಕರಣೆಗಿಂತ ಮೊದಲು, ಫೋನ್ ಎಲ್ಲೆಲ್ಲಿ ಕಡ್ಡಾಯವಾಗಿ ಕೂತಿದೆ ಎಂದು ಹುಡುಕಿ. ಪಾಸ್‌ವರ್ಡ್ ಮರೆತರೆ ಐಟಿ ಸಹಾಯವಾಣಿಗೆ ಕರೆ ಮಾಡಲೇಬೇಕೇ? ಒಟಿಪಿ ಬರುವುದು ಧ್ವನಿ ಕರೆಯಲ್ಲೇ? ರಜೆ ಹೇಳಲು ಬೆಳಿಗ್ಗೆ ಫೋನ್ ಮಾಡಬೇಕೆಂಬ ನಿಯಮ ಇದೆಯೇ? ಹೀಗೆ ಕಂಡ ಪ್ರತಿಯೊಂದಕ್ಕೂ ಬರಹದ ದಾರಿಯನ್ನು ತೆರೆಯಿರಿ. ತಂಡದಲ್ಲಿ ಗ್ರಾಹಕರ ಕರೆಗಳನ್ನು ಹಂಚಿಕೊಳ್ಳುವ ಪದ್ಧತಿ ಇದ್ದರೆ ಅವರಿಗೆ ಇಮೇಲ್, ಚಾಟ್ ಪಾಲು ಹೆಚ್ಚು ಕೊಟ್ಟು ಸರಿದೂಗಿಸಬಹುದು.

ಹೆಜ್ಜೆ 7: ಬರಹವನ್ನು ಪಾಲಿಸಿ

ಅಂತರ್ಜಾಲದ ಜನಕರಲ್ಲೊಬ್ಬರಾದ ವಿಂಟ್ ಸರ್ಫ್ ಸ್ವತಃ ಶ್ರವಣ ಯಂತ್ರ ಬಳಸುವವರು, ಇಮೇಲ್‌ನ ದೊಡ್ಡ ಅಭಿಮಾನಿ. ಬರಹ ಚೆನ್ನಾಗಿ ಬಲ್ಲವರಿಗೆ ಕಚೇರಿ ಚಾಟ್ ನಿಜಕ್ಕೂ ಸಮಾನ ನೆಲ, ತಂಡದವರೆಲ್ಲ ಅದನ್ನೇ ಬಳಸಿದರೆ. ಕಾರಿಡಾರಿನಲ್ಲಿ ಒಂದು ತೀರ್ಮಾನ ಆಯಿತೆಂದರೆ ಅದನ್ನು ಚಾಟ್‌ನಲ್ಲಿ ಹಾಕುವವರೆಗೆ ಅದು ತೀರ್ಮಾನವಲ್ಲ ಎಂಬ ನಿಯಮ ಮಾಡಿಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ವಾಯ್ಸ್ ಮೆಸೇಜ್ ಬೇಡ. ಕಳಿಸುವವರಿಗೆ ಉಳಿಯುವುದು ಅರ್ಧ ನಿಮಿಷ, ಕೇಳಿಸಿಕೊಳ್ಳಲಾಗದವರು ಅದನ್ನು ಹಿಡಿದುಕೊಂಡು ಯಾರನ್ನೋ ಹುಡುಕಿಕೊಂಡು ಹೋಗಬೇಕು.

ಸಂಜ್ಞಾ ಭಾಷೆ ಮೊದಲ ಭಾಷೆಯಾದವರಿಗೆ ಬರೆಯುವಾಗ ಚಿಕ್ಕ ವಾಕ್ಯ, ನೇರ ಮಾತು. ಅವರ ಬರಹದಲ್ಲಿ ವ್ಯಾಕರಣ ತಪ್ಪಿದ್ದರೆ ಅದನ್ನು ಬುದ್ಧಿವಂತಿಕೆಯ ಅಳತೆ ಮಾಡಬೇಡಿ. ಎರಡನೆಯ ಭಾಷೆಯಲ್ಲಿ ಬರೆಯುವಾಗ ನಾವೂ ತಪ್ಪುತ್ತೇವೆ.

ಹೆಜ್ಜೆ 8: ಅಪಾಯದ ಸೂಚನೆ ಕಣ್ಣಿಗೂ ಕಾಣಲಿ

ಬೆಂಕಿಯ ಗಂಟೆ ಹೊಡೆದಾಗ ಶೌಚಾಲಯದಲ್ಲಿ ಒಬ್ಬರೇ ಇರುವ ಕಿವುಡ ಉದ್ಯೋಗಿಗೆ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆ ಹಿಡಿದುಕೊಂಡು ಕಟ್ಟಡ ಪೂರ್ತಿ ನಡೆದು ನೋಡಿ. ಶೌಚಾಲಯ, ಉಗ್ರಾಣ, ಸಣ್ಣ ಸಭಾಕೋಣೆ, ಪ್ರಾರ್ಥನಾ ಕೋಣೆ, ತಾಯಂದಿರ ಕೋಣೆ: ಒಬ್ಬರೇ ಇರಬಹುದಾದ ಪ್ರತಿ ಜಾಗದಲ್ಲೂ ಮಿನುಗುವ ದೀಪದ ಅಲಾರಂ ಬೇಕು. ಮಿನುಗು ಸೆಕೆಂಡಿಗೆ ಒಂದೆರಡು ಸಲ ಇದ್ದರೆ ಸಾಕು. ವೇಗವಾಗಿ ಮಿನುಗುವ ಬೆಳಕು ಕೆಲವರಿಗೆ ಮೂರ್ಛೆ ತರಿಸುತ್ತದೆ. ಜೊತೆಗೆ ಕಂಪಿಸುವ ಪೇಜರ್ ಅಥವಾ ಫೋನಿಗೆ ಸಂದೇಶ ಇರಲಿ. 'ಪಕ್ಕದವರು ಬಂದು ಹೇಳ್ತಾರೆ' ಎಂಬುದು ಮೂರನೆಯ ಏರ್ಪಾಡಾಗಿ ಪರವಾಗಿಲ್ಲ, ಮೊದಲನೆಯದಾಗಿ ಬೇಡ. ಪಕ್ಕದವರು ಅವತ್ತು ರಜೆಯಲ್ಲಿರಬಹುದು.

ಲಿಫ್ಟನ್ನು ಬಹಳ ಜನ ಮರೆಯುತ್ತಾರೆ. ನಡುವೆ ನಿಂತುಹೋದರೆ ತುರ್ತು ಗುಂಡಿ ಒತ್ತಿದಾಗ ಬರುವುದು ಒಂದು ಧ್ವನಿ: 'ಹಲೋ, ಯಾರು ಒಳಗಿದ್ದೀರಿ?' ಕಿವುಡರು ಉತ್ತರಿಸದಿದ್ದರೆ ಯಾರೋ ಸುಮ್ಮನೆ ಒತ್ತಿದರು ಎಂದು ಆಚೆಯವರು ಕರೆ ಕತ್ತರಿಸಬಹುದು. ಉತ್ತರ ಬರದಿದ್ದರೂ ಒಬ್ಬರು ಹೋಗಿ ನೋಡಲೇಬೇಕು ಎಂದು ಭದ್ರತಾ ಸಿಬ್ಬಂದಿಗೆ ಹೇಳಿ. ಸಂದೇಶ ಕಳಿಸಬಹುದಾದ ಮೊಬೈಲ್ ಸಂಖ್ಯೆಯನ್ನು ಲಿಫ್ಟಿನೊಳಗೆ ಅಂಟಿಸಿ. 'ಸಹಾಯ ಬರುತ್ತಿದೆ' ಎಂದು ತೋರಿಸುವ ದೀಪ ಇದ್ದರೆ ಇನ್ನೂ ಒಳ್ಳೆಯದು.

ಕಾರ್ಖಾನೆಯಾದರೆ ಫೋರ್ಕ್‌ಲಿಫ್ಟ್‌ಗಳಿಗೆ ಬೆಳಕು, ತಿರುವುಗಳಲ್ಲಿ ಕನ್ನಡಿ, ನಡೆಯುವ ದಾರಿಗೆ ಬೇರೆ ಗೆರೆ. ಆರಿಸಿಟ್ಟ ಶ್ರವಣ ಯಂತ್ರ ಕಿವಿಯ ರಕ್ಷಾಕವಚವಲ್ಲ ಎಂಬುದನ್ನೂ ತಿಳಿಸಿ. ಜೋರು ಸದ್ದಿನಲ್ಲಿ ಉಳಿದ ಶ್ರವಣವೂ ಹೋಗಬಹುದು.

ಹೆಜ್ಜೆ 9: ಸಂದರ್ಶನ, ತರಬೇತಿ

ಸಂದರ್ಶನದ ಕರೆಪತ್ರದಲ್ಲೇ ಎಲ್ಲ ಅಭ್ಯರ್ಥಿಗಳಿಗೂ ಒಂದು ಸಾಲು ಹಾಕಿ: 'ನಿಮಗೆ ಯಾವುದಾದರೂ ವ್ಯವಸ್ಥೆ ಬೇಕಿದ್ದರೆ ತಿಳಿಸಿ.' ಮೊದಲ ಸುತ್ತು ಫೋನಿನಲ್ಲೇ ನಡೆಯುವುದಾದರೆ ಚಾಟ್ ಅಥವಾ ಕ್ಯಾಪ್ಷನ್ ಇರುವ ವಿಡಿಯೊ ಆಯ್ಕೆಯನ್ನೂ ಕೊಡಿ.

ತರಬೇತಿ ವಿಡಿಯೊಗಳಿಗೆ ಕ್ಯಾಪ್ಷನ್ ಕಡ್ಡಾಯ. ವೆಬ್ ಸುಗಮ್ಯತೆಯ ಅಂತಾರಾಷ್ಟ್ರೀಯ ಮಾನದಂಡ ಡಬ್ಲ್ಯುಸಿಎಜಿಯಲ್ಲಿ ಧ್ವನಿ ಇರುವ, ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊಗೆ ಕ್ಯಾಪ್ಷನ್ ಇರಬೇಕೆಂಬುದು ಅತ್ಯಂತ ಕೆಳಗಿನ ಹಂತದ ನಿಯಮ. ನೇರ ಪ್ರಸಾರಕ್ಕೆ ಅದರ ಮುಂದಿನ ಹಂತ. ಯಂತ್ರ ಬರೆದ ಕ್ಯಾಪ್ಷನ್ ಅನ್ನು ಮನುಷ್ಯರೊಬ್ಬರು ತಿದ್ದಿದ ಮೇಲೆಯೇ ಪ್ರಕಟಿಸಿ.

ಹೆಜ್ಜೆ 10: ಮೂರು ತಿಂಗಳಿಗೊಮ್ಮೆ ಮರಳಿ ಕೇಳಿ

ಶ್ರವಣ ಬದಲಾಗುತ್ತದೆ, ತಂತ್ರಾಂಶ ಬದಲಾಗುತ್ತದೆ, ಕೂರುವ ಜಾಗ ಬದಲಾಗುತ್ತದೆ, ಹೊಸ ಮ್ಯಾನೇಜರ್ ಬರುತ್ತಾರೆ. ಮೊದಲ ಹೆಜ್ಜೆಯ ಒಂದು ಪುಟವನ್ನು ಮುಂದಿಟ್ಟುಕೊಂಡು 'ಇದರಲ್ಲಿ ಯಾವುದು ನಡೀತಿದೆ, ಯಾವುದು ನಿಂತಿದೆ?' ಎಂದು ಕೇಳಿ. 'ಎಲ್ಲ ಸರಿ ಇದೆ' ಎಂಬ ಉತ್ತರ ಬಂದರೆ ಕಳೆದ ವಾರದ ಒಂದು ಸಭೆಯ ಹೆಸರು ಹಿಡಿದು ಮತ್ತೆ ಕೇಳಿ. ಸಾಮಾನ್ಯ ಪ್ರಶ್ನೆಗೆ ಮರ್ಯಾದೆಯ ಉತ್ತರ ಬರುತ್ತದೆ, ನಿರ್ದಿಷ್ಟ ಪ್ರಶ್ನೆಗೆ ನಿಜ ಬರುತ್ತದೆ.

ಚಿಲ್ಲರೆ ಕೆಲಸಗಳಿಗೂ ಹೆಸರು ಹಚ್ಚಿಡಿ. ರಿಮೋಟ್ ಮೈಕ್ ಚಾರ್ಜ್ ಮಾಡುವವರು ಯಾರು, ಇಂಟರ್‌ಪ್ರಿಟರ್ ಬುಕ್ ಮಾಡುವವರು ಯಾರು, ಸಭೆಯ ಸಮಯ ಬದಲಾದರೆ ಅವರಿಗೆ ತಿಳಿಸುವವರು ಯಾರು ಎಂದು. ಈ ಪಟ್ಟಿಯಲ್ಲಿ ಎಲ್ಲ ಕಡೆ ಕಿವಿ ಕೇಳದ ಉದ್ಯೋಗಿಯ ಹೆಸರೇ ಬಂದಿದ್ದರೆ ಪಟ್ಟಿ ಮತ್ತೆ ಬರೆಯಿರಿ. ಆನ್‌ಲೈನ್ ಸಭೆ ನಡೆಸುವ ಹೋಸ್ಟ್ ರಜೆಯಲ್ಲಿದ್ದ ದಿನ ಕ್ಯಾಪ್ಷನ್ ಆನ್ ಮಾಡುವ ಅಧಿಕಾರ ತಂಡದಲ್ಲಿ ಇನ್ನೊಬ್ಬರಿಗೂ ಇರಲಿ.